ಚುಚ್ಚುಮದ್ದಿನ ನಡುವೆಯೂ ಟೆಸ್ಟೋಸ್ಟೆರಾನ್ ಏರಿದರೆ: ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಮನೆಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಟೆಸ್ಟೋಸ್ಟೆರಾನ್ ಹಾರ್ಮೋನನ್ನು ತಗ್ಗಿಸಲು ಚುಚ್ಚುಮದ್ದು ನಡೆಯುತ್ತಿತ್ತು. ಅವರ ಎರಡು ರಕ್ತಪರೀಕ್ಷೆಯ ವರದಿಗಳು ಊಟದ ಮೇಜಿನ ಮೇಲೆ ಅಕ್ಕಪಕ್ಕದಲ್ಲಿದ್ದವು. ಜುಲೈ ತಿಂಗಳಿನದರಲ್ಲಿ ಟೆಸ್ಟೋಸ್ಟೆರಾನ್ ಎದುರು 18 ಎಂದಿತ್ತು, ಅಕ್ಟೋಬರ್ ತಿಂಗಳಿನದರಲ್ಲಿ 0.96. "ನೋಡು, ಒಂದಕ್ಕಿಂತ ಕೆಳಗೆ ಇಳಿದಿದೆ" ಎಂದು ಅಪ್ಪ ಕನ್ನಡಕ ತೆಗೆದು ಮಡಿಸಿಟ್ಟರು. ರಾಜಾಜಿನಗರದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರ ಮಾತು. ನನಗೂ ಜೀವ ಹಗುರವಾಯಿತು. ವರದಿಗಳನ್ನು ಫೈಲಿಗೆ ಸೇರಿಸುವಾಗ ಅಂಕಿಗಳ ಪಕ್ಕದ ಸಣ್ಣ ಅಕ್ಷರಗಳು ಕಣ್ಣಿಗೆ ಬಿದ್ದವು. ಮೊದಲನೆಯದು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೊಗ್ರಾಂ ಎಂಬ ಲೆಕ್ಕ, ಎರಡನೆಯದು ಒಂದು ಮಿಲಿಲೀಟರಿನಲ್ಲಿ ಎಷ್ಟು ಎಂಬ ಲೆಕ್ಕ. ಡೆಸಿಲೀಟರ್ ಎಂದರೆ ನೂರು ಮಿಲಿಲೀಟರ್. 0.96ನ್ನು ನೂರರಿಂದ ಗುಣಿಸಿದರೆ 96. ಇಳಿದಿರಲಿಲ್ಲ, ಐದು ಪಟ್ಟು ಏರಿತ್ತು. ಮುಂದಿನ ಹಾಳೆಯಲ್ಲಿ, ಪ್ರಾಸ್ಟೇಟ್ ಕಾಯಿಲೆಯ ಏರಿಳಿತವನ್ನು ತೋರಿಸುವ ರಕ್ತದ ಅಂಶವಾದ ಪಿಎಸ್‌ಎ 0.4ರಿಂದ 1.1ಕ್ಕೆ ಬಂದಿತ್ತು.

ಆ ರಾತ್ರಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಒಬ್ಬರು ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ ಎಂದರು. ಒಬ್ಬರು ಈಗ ಹೊಸ ಮಾತ್ರೆ ಬಂದಿದೆ ಎಂದರು. ಇನ್ನೊಬ್ಬರು ದನಿ ತಗ್ಗಿಸಿ, ಇದು ಔಷಧಕ್ಕೆ ಬಗ್ಗದ ಹಂತವಿರಬೇಕು ಎಂದರು. ಏಕೆ ಏರಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಯಾವ ಆಯ್ಕೆಯನ್ನೂ ತೂಗಲು ಬರುವುದಿಲ್ಲ ಎಂಬುದು ಮುಂದಿನ ಮೂರು ತಿಂಗಳಲ್ಲಿ ನನಗೆ ಗೊತ್ತಾಯಿತು. ಆದ್ದರಿಂದ ಇಲ್ಲಿ ಮೊದಲು ಕಾರಣಗಳು, ಆಮೇಲೆ ದಾರಿಗಳು.

ಎಷ್ಟಿರಬೇಕು?

ಪ್ರಾಸ್ಟೇಟ್ ಕ್ಯಾನ್ಸರಿನ ಬಹುಪಾಲು ಜೀವಕೋಶಗಳಿಗೆ ಟೆಸ್ಟೋಸ್ಟೆರಾನ್ ಅನ್ನ ಇದ್ದಂತೆ. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಈ ಹಾರ್ಮೋನಿನ ಶೇಕಡಾ 90ಕ್ಕೂ ಹೆಚ್ಚು ಭಾಗ ವೃಷಣಗಳಲ್ಲಿ ತಯಾರಾಗುತ್ತದೆ, ಉಳಿದ ಸ್ವಲ್ಪ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳ ಕೊಡುಗೆ. ವಯಸ್ಕ ಗಂಡಸಿನಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 300ರಿಂದ 1000 ನ್ಯಾನೊಗ್ರಾಂ ಇರುತ್ತದೆ. ಚಿಕಿತ್ಸೆಯಲ್ಲಿರುವಾಗ 50ರ ಕೆಳಗೆ ಇರಬೇಕೆಂಬುದು ಹಳೆಯ ಗಡಿ. ಅದು ಇನ್ನೂ ಕಡಿಮೆಯನ್ನು ಅಳೆಯಲಾಗದ ಕಾಲದ ಪರೀಕ್ಷಾ ವಿಧಾನದಿಂದ ಬಂದ ಅಂಕಿ. ವೃಷಣ ತೆಗೆದವರಲ್ಲಿ ಅದು 15ರ ಆಸುಪಾಸಿಗೆ ಇಳಿಯುತ್ತದೆ ಎಂದು ಗೊತ್ತಾದ ಮೇಲೆ, 20ರ ಕೆಳಗಿರುವುದೇ ಸರಿಯಾದ ಗುರಿ ಎಂದು ಅನೇಕ ತಜ್ಞರು ಹೇಳುತ್ತಾರೆ. ಕೆನಡಾದ ತಂಡವೊಂದು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲೂ, ಮೊದಲ ವರ್ಷದಲ್ಲಿ 20ರ ಕೆಳಗೆ ಮುಟ್ಟಿದವರ ಕಾಯಿಲೆ ಹೆಚ್ಚು ಕಾಲ ಹತೋಟಿಯಲ್ಲಿತ್ತು.

ಅಳತೆಯ ಮಾನದ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಡೆಸಿಲೀಟರಿಗೆ 50 ನ್ಯಾನೊಗ್ರಾಂ, ಮಿಲಿಲೀಟರಿಗೆ 0.5 ನ್ಯಾನೊಗ್ರಾಂ, ಲೀಟರಿಗೆ 1.7 ನ್ಯಾನೊಮೋಲ್, ಮೂರೂ ಒಂದೇ. ಇದನ್ನು ಫೈಲಿನ ಒಳರಟ್ಟಿನ ಮೇಲೆ ಬರೆದಿಡಿ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಪ್ರಯೋಗಾಲಯಕ್ಕೆ ಹೋಗಿ. ರಕ್ತ ಕೊಡಬೇಕಾದದ್ದು ಮುಂದಿನ ಚುಚ್ಚುಮದ್ದಿನ ಮುಂಚೆ, ಬೆಳಗಿನ ಹೊತ್ತು. ಹಿಂದಿನ ಡೋಸಿನ ಬಲ ಕಡೆಯ ದಿನದವರೆಗೂ ನಿಂತಿದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ಪಿಎಸ್‌ಎ ಮತ್ತು ಟೆಸ್ಟೋಸ್ಟೆರಾನ್ ಎರಡನ್ನೂ ಅದೇ ರಕ್ತದಲ್ಲಿ ನೋಡಬೇಕು. ನಮ್ಮಲ್ಲಿ ಪಿಎಸ್‌ಎ ಮಾತ್ರ ಬರೆದುಕೊಡುವುದು ರೂಢಿ. ಇನ್ನೊಂದನ್ನು ನಾವೇ ಕೇಳಬೇಕಾಗುತ್ತದೆ, ಕೇಳಲೇಬೇಕು.

ಏಕೆಂದರೆ "ಔಷಧಕ್ಕೆ ಬಗ್ಗದ ಕಾಯಿಲೆ" ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಷರತ್ತಿದೆ. ಟೆಸ್ಟೋಸ್ಟೆರಾನ್ 50ರ ಕೆಳಗಿದ್ದೂ ಪಿಎಸ್‌ಎ ಮತ್ತೆ ಮತ್ತೆ ಏರಿದರೆ ಅಥವಾ ಸ್ಕ್ಯಾನಿನಲ್ಲಿ ಕಾಯಿಲೆ ಮುಂದುವರಿದರೆ ಮಾತ್ರ ಆ ಹೆಸರು. ಟೆಸ್ಟೋಸ್ಟೆರಾನೇ ಏರಿದ್ದರೆ ಕಾಯಿಲೆ ಹಠ ಹಿಡಿದಿದೆ ಎಂದು ಹೇಳಲು ಆಧಾರವೇ ಇಲ್ಲ. ಅದಕ್ಕೆ ಅನ್ನ ಸಿಕ್ಕಿದೆ, ಅಷ್ಟೇ. ಇವೆರಡರ ಚಿಕಿತ್ಸೆ ಬೇರೆ, ಖರ್ಚು ಬೇರೆ, ಮನೆಯವರ ಎದೆಯ ಮೇಲಿನ ಭಾರವೂ ಬೇರೆ.

ಏಕೆ ಏರುತ್ತದೆ?

ನಮ್ಮ ಮನೆಯಲ್ಲಿ ಕಾರಣ ಗೋಡೆಯ ಮೇಲೆಯೇ ನೇತಾಡುತ್ತಿತ್ತು. ಅಪ್ಪನಿಗೆ ಹಾಕುತ್ತಿದ್ದದ್ದು ಗೊಸೆರೆಲಿನ್, 10.8 ಮಿಲಿಗ್ರಾಂನದು. ಹೊಟ್ಟೆಯ ಚರ್ಮದಡಿ ಅಕ್ಕಿಕಾಳಿಗಿಂತ ತುಸು ದೊಡ್ಡ ಗುಳಿಗೆಯನ್ನು ದಪ್ಪ ಸೂಜಿಯಿಂದ ಕೂರಿಸುತ್ತಾರೆ. ಎಲ್ಲರೂ ಅದನ್ನು "ಮೂರು ತಿಂಗಳ ಇಂಜೆಕ್ಷನ್" ಎನ್ನುತ್ತಾರೆ. ನಿಜವಾಗಿ ಅದು ಹನ್ನೆರಡು ವಾರದ್ದು, ಎಂದರೆ 84 ದಿನ. ಕ್ಯಾಲೆಂಡರಿನ ಮೂರು ತಿಂಗಳು 89ರಿಂದ 92 ದಿನ. ಜುಲೈ 12ಕ್ಕೆ ಹಾಕಿಸಿದ್ದರಿಂದ ನಾನು ಅಕ್ಟೋಬರ್ 12ರ ಸುತ್ತ ಗೆರೆ ಎಳೆದಿದ್ದೆ, ಹಾಕಿಸಬೇಕಾಗಿದ್ದದ್ದು 4ಕ್ಕೆ. ಅಷ್ಟರಲ್ಲಿ ದಸರಾ ಬಂತು, ಮೈಸೂರಿನಿಂದ ಅತ್ತೆ ಕರೆದರು, ಹಬ್ಬ ಮುಗಿಸಿಕೊಂಡು ಹೋದರಾಯಿತು ಎಂದು ಅಪ್ಪನೇ ಹೇಳಿದರು. ಚುಚ್ಚುಮದ್ದು ಬಿದ್ದದ್ದು 21ಕ್ಕೆ, ಹದಿನೇಳು ದಿನ ತಡವಾಗಿ. ರಕ್ತ ಕೊಟ್ಟದ್ದೂ ಅದೇ ಬೆಳಿಗ್ಗೆ. ತಪ್ಪು ಔಷಧದ್ದಲ್ಲ, ಆಸ್ಪತ್ರೆಯದೂ ಅಲ್ಲ. ಗೆರೆ ಎಳೆದ ಕೈ ನನ್ನದು.

ತಿಂಗಳ ಚುಚ್ಚುಮದ್ದುಗಳಲ್ಲೂ ಇದೇ ತೊಡಕು. ಅವುಗಳ ತಿಂಗಳು 28 ದಿನದ್ದು, ನಮ್ಮದು 30 ಅಥವಾ 31ರದ್ದು.

ಎರಡನೆಯದು ಹಾಕುವ ಕೈ. ಗೊಸೆರೆಲಿನ್ ಗುಂಪಿನದೇ ಇನ್ನೊಂದು ಮದ್ದಾದ ಲ್ಯೂಪ್ರೊಲೈಡಿನ ಹಲವು ಬಗೆಗಳನ್ನು ಹಾಕುವ ಮೊದಲು ಪುಡಿ ಮತ್ತು ದ್ರವವನ್ನು ಕ್ರಮವಾಗಿ ಬೆರೆಸಬೇಕು. ಈ ಬೆರೆಸುವಿಕೆಯಲ್ಲಿ ಆದ ತಪ್ಪುಗಳಿಂದ ರೋಗಿಗಳಿಗೆ ಪೂರ್ತಿ ಡೋಸ್ ಸಿಗದೆ ಹೋದದ್ದನ್ನು ಪರಿಶೀಲಿಸಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ನೀಡಿತು. ಬಡಾವಣೆಯ ಕ್ಲಿನಿಕ್‌ನಲ್ಲಿ, ವರ್ಷಕ್ಕೊಮ್ಮೆ ಇಂಥ ಪೆಟ್ಟಿಗೆ ಬಿಚ್ಚುವವರ ಕೈಯಲ್ಲಿ ಹಾಕಿಸುವುದಕ್ಕಿಂತ, ದಿನವೂ ಹಾಕುವ ಜಾಗಕ್ಕೆ ಹೋಗುವುದು ಮೇಲು. ಕೆಲವು ಬಗೆಗಳನ್ನು ಫ್ರಿಜ್‌ನಲ್ಲೇ ಇಡಬೇಕು. ಔಷಧದಂಗಡಿಯಿಂದ ತಂದು ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಊರು ಸುತ್ತಬಾರದು.

ಮೂರನೆಯದು ಪರೀಕ್ಷೆಯದೇ ದೋಷ. ಸಾಮಾನ್ಯ ಇಮ್ಯುನೊಅಸ್ಸೇ ವಿಧಾನ 400, 500ರಂಥ ಅಂಕಿಗಳಿಗೆ ಚೆನ್ನಾಗಿದೆ, 20, 30ರ ತಗ್ಗಿನಲ್ಲಿ ತಡಕಾಡುತ್ತದೆ. ಗಡಿಯ ಹತ್ತಿರದ ಅಂಕಿ ಬಂದರೆ ಇನ್ನೂ ಸೂಕ್ಷ್ಮವಾಗಿ ಅಳೆಯುವ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದಲ್ಲಿ ಮತ್ತೊಮ್ಮೆ ನೋಡಬಹುದೇ ಎಂದು ಕೇಳಿ. ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ: ಕೂದಲಿಗೆ, ಉಗುರಿಗೆ ಎಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಟೆಸ್ಟೋಸ್ಟೆರಾನನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಪರೀಕ್ಷೆಗೆ ಮೊದಲು ಅದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಜೊತೆಗೆ, ನಿಶ್ಶಕ್ತಿಗೆಂದು ನೆಂಟರು ತಂದುಕೊಡುವ ಅಶ್ವಗಂಧವನ್ನೂ ಬಚ್ಚಿಡದೆ ಹೇಳಿ. ಕೆಲವು ಸಣ್ಣ ಅಧ್ಯಯನಗಳಲ್ಲಿ ಅದು ಟೆಸ್ಟೋಸ್ಟೆರಾನನ್ನು ಏರಿಸಿದೆ.

ಇನ್ನು, ಏರಿದರೂ ಗಾಬರಿಪಡಬೇಕಾಗಿಲ್ಲದ ಎರಡು ಸಂದರ್ಭಗಳಿವೆ. ಬೈಕಾಲುಟಮೈಡ್ ಮಾತ್ರೆ ಒಂದನ್ನೇ ಕೊಟ್ಟಿದ್ದರೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಏರುವುದು ಸಹಜ. ಅದು ಹಾರ್ಮೋನನ್ನು ನಿಲ್ಲಿಸುವುದಿಲ್ಲ, ಜೀವಕೋಶದೊಳಗೆ ಅದರ ಕೆಲಸವನ್ನು ತಡೆಯುತ್ತದೆ. ವೈದ್ಯರೇ ಲೆಕ್ಕ ಹಾಕಿ ಚಿಕಿತ್ಸೆಗೆ ಬಿಡುವು ಕೊಟ್ಟಿದ್ದರೂ ಅದು ಮೇಲೆ ಬರುತ್ತದೆ, ಬರಬೇಕು ಕೂಡ.

ಇವೆಲ್ಲ ಅಲ್ಲದೆ, ಸಮಯಕ್ಕೆ ಸರಿಯಾಗಿ ಹಾಕಿಸಿ, ಕೈ ಪಳಗಿದವರಿಂದ ಹಾಕಿಸಿ, ಪರೀಕ್ಷೆ ಎರಡು ಸಲ ಮಾಡಿಸಿಯೂ 50ರ ಮೇಲೆಯೇ ನಿಲ್ಲುವವರು ಇದ್ದಾರೆ. ಅವರ ಸಂಖ್ಯೆ ಕಡಿಮೆ. ಮೈತೂಕ ಬಹಳ ಹೆಚ್ಚಿರುವವರಲ್ಲಿ ಹಾರ್ಮೋನ್ ಅಷ್ಟು ಸುಲಭವಾಗಿ ತಳ ಮುಟ್ಟುವುದಿಲ್ಲ ಎಂದು ಕೆಲವು ಅಧ್ಯಯನಗಳು ಕಂಡಿವೆ. ಮುಂದಿನ ಹೋಲಿಕೆ ಮುಖ್ಯವಾಗಿ ಇಂಥವರಿಗಾಗಿ.

ಹಳೆಯ ಮದ್ದನ್ನೇ ಬಿಗಿ ಮಾಡುವುದು

ಅಪ್ಪನ ವೈದ್ಯರು ಮಾಡಿದ್ದು ಇಷ್ಟೇ. ಮದ್ದು ಬದಲಿಸಲಿಲ್ಲ. ಅಂತರ ಬಿದ್ದ ಮೇಲೆ ಹಾಕಿದ ಚುಚ್ಚುಮದ್ದಿನಿಂದ ಮೊದಲ ಕೆಲವು ದಿನ ಹಾರ್ಮೋನ್ ಇನ್ನಷ್ಟು ಚಿಮ್ಮಬಹುದು ಎಂದು ನಾಲ್ಕು ವಾರ ಬೈಕಾಲುಟಮೈಡ್ 50 ಮಿಲಿಗ್ರಾಂ ಕೊಟ್ಟರು. ನಾಲ್ಕು ವಾರದ ನಂತರ ಅದೇ ಪ್ರಯೋಗಾಲಯದಲ್ಲಿ ನೋಡಿದಾಗ 22. ಇದಕ್ಕಾದ ಹೆಚ್ಚುವರಿ ಖರ್ಚು ಒಂದು ಪಟ್ಟಿ ಮಾತ್ರೆ ಮತ್ತು ಒಂದು ರಕ್ತಪರೀಕ್ಷೆ.

ಸಮಯ ತಪ್ಪಿದ್ದೇ ಕಾರಣವಾದರೆ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದಕ್ಕೆ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಯ ತಪ್ಪದೆಯೂ ಕಡೆಯ ವಾರಗಳಲ್ಲಿ ಹಾರ್ಮೋನ್ ಮೇಲೆ ಬರುತ್ತಿದ್ದರೆ, ಹನ್ನೆರಡು ವಾರದ ಬದಲು ನಾಲ್ಕು ವಾರದ ಚುಚ್ಚುಮದ್ದಿಗೆ ಹೋಗುವುದೂ ಒಂದು ಉಪಾಯ. ಮನೆಯಲ್ಲಿ ಕರೆದುಕೊಂಡು ಹೋಗುವವರೇ ಇಲ್ಲ, ಅದಕ್ಕೇ ದಿನ ತಪ್ಪುತ್ತಿದೆ ಎಂದಾದರೆ ಉಲ್ಟಾ ಯೋಚಿಸಿ: ಇದೇ ಗುಂಪಿನ ಟ್ರಿಪ್ಟೊರೆಲಿನ್‌ನಲ್ಲಿ 24 ವಾರಕ್ಕೊಮ್ಮೆ ಹಾಕುವ 22.5 ಮಿಲಿಗ್ರಾಂನ ಬಗೆ ಇದೆ.

ಅದೇ ಗುಂಪಿನ ಇನ್ನೊಂದು ಮದ್ದು, ಎಂದರೆ ಗೊಸೆರೆಲಿನ್ ಬಿಟ್ಟು ಲ್ಯೂಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್‌ಗೆ ಹೋಗುವುದನ್ನು ಕೆಲವರು ಸೂಚಿಸುತ್ತಾರೆ. ಮೂರೂ ಕೆಲಸ ಮಾಡುವ ಬಗೆ ಒಂದೇ ಆದ್ದರಿಂದ ನನಗೆ ಇದರಲ್ಲಿ ಹೆಚ್ಚು ಭರವಸೆ ಕಾಣಲಿಲ್ಲ. ಚರ್ಮದಡಿಯ ಗುಳಿಗೆ ಒಗ್ಗದವರಿಗೆ, ಹಾಕುವ ವಿಧಾನದಲ್ಲೇ ತೊಂದರೆ ಇದ್ದವರಿಗೆ ಉಪಯೋಗವಾಗಬಹುದು.

ಬಾಗಿಲಿಗೇ ಬೀಗ: ಡೆಗರೆಲಿಕ್ಸ್, ರೆಲುಗೊಲಿಕ್ಸ್

ಮೆದುಳು ಆಗಾಗ ಕಳಿಸುವ ಎಲ್‌ಎಚ್‌ಆರ್‌ಎಚ್ ಎಂಬ ಸಂದೇಶ ಪಿಟ್ಯುಟರಿ ಗ್ರಂಥಿಯ ಬಾಗಿಲು ತಟ್ಟುತ್ತದೆ, ಪಿಟ್ಯುಟರಿ ವೃಷಣಗಳಿಗೆ ಕೆಲಸ ಹೇಳುತ್ತದೆ. ಗೊಸೆರೆಲಿನ್, ಲ್ಯೂಪ್ರೊಲೈಡ್ ಮೊದಲಾದ ಅಗೊನಿಸ್ಟ್‌ಗಳು ಆ ಬಾಗಿಲನ್ನು ಬಿಡುವಿಲ್ಲದೆ ತಟ್ಟುತ್ತವೆ. ಮೊದಲ ದಿನಗಳಲ್ಲಿ ಒಳಗಿನವರು ಓಡಿಬರುತ್ತಾರೆ, ಹಾರ್ಮೋನ್ ಏರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ತಟ್ಟುವ ಸದ್ದಿಗೆ ಒಳಗೆ ಯಾರೂ ಏಳುವುದಿಲ್ಲ, ಹಾರ್ಮೋನ್ ಇಳಿಯುತ್ತದೆ. ಈ ಸಂದೇಶದ ರಚನೆಯನ್ನು ಬಿಡಿಸಿದ ಆಂಡ್ರೂ ಶ್ಯಾಲಿ ಮತ್ತು ರೋಜರ್ ಗಿಯ್ಮಾ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅದೇ ಬಹುಮಾನದ ಇನ್ನರ್ಧ ರಕ್ತದಲ್ಲಿನ ಅತಿ ಕಡಿಮೆ ಹಾರ್ಮೋನನ್ನು ಅಳೆಯುವ ವಿಧಾನಕ್ಕಾಗಿ ರೊಸಾಲಿನ್ ಯಾಲೊ ಅವರಿಗೆ ಸಂದಿತು. ಮದ್ದು ಮತ್ತು ಮಾಪನ ಎರಡೂ ಒಂದೇ ವೇದಿಕೆ ಹಂಚಿಕೊಂಡವು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆಂಟಾಗೊನಿಸ್ಟ್‌ಗಳು ತಟ್ಟುವುದಿಲ್ಲ, ನೇರವಾಗಿ ಬೀಗ ಹಾಕುತ್ತವೆ. ಡೆಗರೆಲಿಕ್ಸ್ ಚುಚ್ಚುಮದ್ದನ್ನು ಮೊದಲ ದಿನ 240 ಮಿಲಿಗ್ರಾಂ, ಹೊಟ್ಟೆಯ ಎರಡು ಕಡೆ, ಆಮೇಲೆ 28 ದಿನಕ್ಕೊಮ್ಮೆ 80 ಮಿಲಿಗ್ರಾಂ ಹಾಕುತ್ತಾರೆ. ಪ್ರಯೋಗದಲ್ಲಿ ಶೇಕಡಾ 96 ಮಂದಿಯಲ್ಲಿ ಮೂರೇ ದಿನಕ್ಕೆ ಟೆಸ್ಟೋಸ್ಟೆರಾನ್ 50ರ ಕೆಳಗಿಳಿಯಿತು. ಆರಂಭದ ಚಿಮ್ಮುವಿಕೆ ಇದರಲ್ಲಿ ಇಲ್ಲ. ಬೆನ್ನುಮೂಳೆಗೆ ಹರಡಿ ನರದ ಮೇಲೆ ಒತ್ತಡ ಬೀಳುವ ಭಯ ಇರುವವರಿಗೆ, ಮೂತ್ರ ಕಟ್ಟುವ ಹಂತದಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ತೊಂದರೆ ಎಂದರೆ ಚುಚ್ಚಿದ ಜಾಗ: ನೋವು, ಕೆಂಪು, ಗಂಟು. ಸುಮಾರು ಶೇಕಡಾ 40 ಮಂದಿಗೆ ಅದು ಬರುತ್ತದೆ, ಹೆಚ್ಚಾಗಿ ಮೊದಲ ಡೋಸಿಗೆ. ಎರಡನೆಯ ತೊಂದರೆ ಲೆಕ್ಕದ್ದು. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿಮೂರು ಸಲ. ಯಲಹಂಕದಿಂದ ಹೊಸೂರು ರಸ್ತೆಯ ಆಸ್ಪತ್ರೆಗೆ ಹದಿಮೂರು ಸಲ ಎಂದರೆ ಏನೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ತಡವಾದದ್ದೇ ಮೂಲ ಕಾಯಿಲೆಯಾದ ಮನೆಗೆ ಇದು ಮದ್ದಲ್ಲ.

ರೆಲುಗೊಲಿಕ್ಸ್ ಅದೇ ಬೀಗದ ಮಾತ್ರೆಯ ರೂಪ. ಮೊದಲ ದಿನ 360 ಮಿಲಿಗ್ರಾಂ, ಆಮೇಲೆ ದಿನಕ್ಕೆ 120. ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೆ ಆಧಾರವಾದ 'ಹೀರೊ' ಪ್ರಯೋಗದಲ್ಲಿ 48 ವಾರಗಳ ಕಾಲ ಟೆಸ್ಟೋಸ್ಟೆರಾನ್ ಕೆಳಗೇ ಉಳಿದವರು ರೆಲುಗೊಲಿಕ್ಸ್ ತೆಗೆದುಕೊಂಡವರಲ್ಲಿ ಶೇಕಡಾ 96.7, ಲ್ಯೂಪ್ರೊಲೈಡ್‌ನವರಲ್ಲಿ ಶೇಕಡಾ 88.8. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಕ್ರಮವಾಗಿ ಶೇಕಡಾ 2.9 ಮತ್ತು 6.2. ಇದನ್ನು ಓದಿ, ಸ್ಟೆಂಟ್ ಹಾಕಿಸಿಕೊಂಡ ಎಲ್ಲರಿಗೂ ಆಂಟಾಗೊನಿಸ್ಟೇ ಬೇಕು ಎಂದು ಹೇಳಬೇಕೆನಿಸುತ್ತದೆ. ಆದರೆ ಹೃದಯದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಡೆಗರೆಲಿಕ್ಸ್ ಮತ್ತು ಲ್ಯೂಪ್ರೊಲೈಡನ್ನು ಹೋಲಿಸಿದ 'ಪ್ರೊನೌನ್ಸ್' ಪ್ರಯೋಗ ಅವಧಿಗೆ ಮುನ್ನವೇ ನಿಂತಿತು, 2021ರಲ್ಲಿ ಪ್ರಕಟವಾದಾಗ ವ್ಯತ್ಯಾಸ ತೋರಿಸಲಿಲ್ಲ. ಆದ್ದರಿಂದ ಹೃದಯದ ಕಾಯಿಲೆ ಇದ್ದವರು ಈ ದಾರಿಯ ಬಗ್ಗೆ ಕೇಳಲೇಬೇಕು, ಅದು ತೀರ್ಮಾನವಾದ ಸತ್ಯ ಎಂದು ಹಿಡಿಯಬಾರದು.

ಮಾತ್ರೆಗೆ ಇನ್ನೊಂದು ಮುಖವಿದೆ. ನಿಲ್ಲಿಸಿದರೆ ಹಾರ್ಮೋನ್ ಬೇಗ ಮರಳುತ್ತದೆ: 90 ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಾಮಾನ್ಯ ಮಟ್ಟಕ್ಕೆ. ಇಷ್ಟೇ ಕಾಲ ಎಂದು ಗೊತ್ತುಮಾಡಿದ ಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳಬೇಕಾದವರಿಗೆ ಇದು ವರ. ಮಾತ್ರೆ ಮರೆಯುವವರಿಗೆ ಇದೇ ಕುತ್ತು. ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ 360ರಿಂದ ಆರಂಭಿಸಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದರ ಬಲವನ್ನು ತಗ್ಗಿಸುತ್ತದೆ, ಎರಿತ್ರೊಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ರಕ್ತದಲ್ಲಿ ಇದರ ಪ್ರಮಾಣವನ್ನು ಏರಿಸುತ್ತವೆ. ನೆಗಡಿ ಕೆಮ್ಮಿಗೆ ಅಂಗಡಿಯಲ್ಲಿ ಕೇಳಿ ಮಾತ್ರೆ ತರುವ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಅಗೊನಿಸ್ಟ್ ಸೋತವರಿಗೆ ಆಂಟಾಗೊನಿಸ್ಟ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಇಲ್ಲ. ಅಂಕಿ ಇಳಿಯುತ್ತದೆ, ತರ್ಕ ಗಟ್ಟಿಯಾಗಿದೆ, ವೈದ್ಯರು ಅದರ ಮೇಲೆ ನಡೆಯುತ್ತಾರೆ. ಹೆಚ್ಚಿನ ದುಡ್ಡು ಹೊಂದಿಸುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆ

ಇದರ ಬಗ್ಗೆ ಮಾತನಾಡಲು ಜನ ಹಿಂಜರಿಯುತ್ತಾರೆ, ಅದಕ್ಕೇ ನಾನು ತುಸು ಹೆಚ್ಚು ಬರೆಯುತ್ತೇನೆ. ಎರಡೂ ವೃಷಣಗಳನ್ನು, ಅಥವಾ ಹೊರಚೀಲದೊಳಗಿನ ತಿರುಳನ್ನು ಮಾತ್ರ, ತೆಗೆದುಹಾಕುವ ಸಣ್ಣ ಶಸ್ತ್ರಕ್ರಿಯೆ. ಹಲವರು ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಬರುತ್ತಾರೆ. ಸುಮಾರು ಹನ್ನೆರಡು ಗಂಟೆಯೊಳಗೆ ಟೆಸ್ಟೋಸ್ಟೆರಾನ್ ತಳ ಸೇರುತ್ತದೆ. ಇಷ್ಟು ಬೇಗ ಇಳಿಸುವ ಬೇರೆ ಮದ್ದಿಲ್ಲ. ದಿನಾಂಕವಿಲ್ಲ, ಫ್ರಿಜ್ ಇಲ್ಲ, ದಸರಾ ಅಡ್ಡ ಬರುವುದಿಲ್ಲ. ಖರ್ಚು ಒಂದೇ ಸಲ.

ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂರುತ್ತಿದ್ದ ಮಾಗಡಿ ಕಡೆಯ ರೈತರೊಬ್ಬರು ಇದನ್ನೇ ಆರಿಸಿಕೊಂಡಿದ್ದರು. ಎರಡು ಬಸ್ ಬದಲಿಸಿ ಬರಬೇಕಾಗಿತ್ತು, ಜೊತೆಗೆ ಬರುವ ಮಗನ ಕೂಲಿ ಹೋಗುತ್ತಿತ್ತು. "ನನಗೆ ಎಪ್ಪತ್ತನಾಲ್ಕು. ಮೊಮ್ಮಗನ ಮದುವೆ ನೋಡಬೇಕು, ಅಷ್ಟು ಸಾಕು" ಎಂದು ಪಂಚೆಯ ಅಂಚನ್ನು ಮಂಡಿಯ ಮೇಲೆ ನೀವಿಕೊಳ್ಳುತ್ತ ಹೇಳಿದ್ದರು. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷವಾಗಿತ್ತು, ಅವರ ಟೆಸ್ಟೋಸ್ಟೆರಾನ್ 12. ಅಪ್ಪನಿಗೆ ಆ ದಾರಿ ಬೇಡವಾಗಿತ್ತು. ತಮ್ಮ ಮೈಯಿಂದ ಒಂದು ಭಾಗ ಹೋಗುವುದನ್ನು ಅವರಿಂದ ಒಪ್ಪಿಕೊಳ್ಳಲು ಆಗಲಿಲ್ಲ, ಅದಕ್ಕೆ ಕಾರಣ ಕೇಳುವ ಹಕ್ಕು ನನಗೂ ಇರಲಿಲ್ಲ. ಇಬ್ಬರೂ ಸರಿ.

ಇದನ್ನು ಹಿಂದಿರುಗಿಸಲಾಗದು ಎಂಬುದೇ ಇದರ ದೊಡ್ಡ ಬೆಲೆ. ವಿಕಿರಣ ಚಿಕಿತ್ಸೆಯ ಜೊತೆ ಆರು ತಿಂಗಳೋ ಎರಡು ವರ್ಷವೋ ಮಾತ್ರ ಹಾರ್ಮೋನ್ ನಿಲ್ಲಿಸಬೇಕಾದವರು ಇತ್ತ ಯೋಚಿಸಬೇಕಾಗಿಲ್ಲ. ಕಾಯಿಲೆ ಹರಡಿದ್ದು, ಜೀವನಪರ್ಯಂತ ಹಾರ್ಮೋನ್ ತಗ್ಗಿಸಲೇಬೇಕಾದವರಿಗೆ, ಅದರಲ್ಲೂ ಊರಿಂದ ಬರುವವರಿಗೆ, ಇದು ಬಡವರಿಗೆಂದು ಇಟ್ಟ ಎರಡನೆಯ ದರ್ಜೆಯ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚುಚ್ಚುಮದ್ದುಗಳು ಮುಟ್ಟಲು ಹವಣಿಸುವ ಅಳತೆಗೋಲೇ ಇದು.

ಮಾತ್ರೆ ಸೇರಿಸುವುದು

ಅಬಿರಾಟೆರಾನ್ ಅಡ್ರಿನಲ್ ಗ್ರಂಥಿಗಳಲ್ಲಿ ಮತ್ತು ಗಡ್ಡೆಯೊಳಗೇ ತಯಾರಾಗುವ ಹಾರ್ಮೋನನ್ನೂ ಅಡಗಿಸುತ್ತದೆ. ಅದನ್ನು ಸೇರಿಸಿದರೆ ರಕ್ತದ ಟೆಸ್ಟೋಸ್ಟೆರಾನ್ ಅಳತೆಗೇ ಸಿಗದಷ್ಟು ಇಳಿಯುತ್ತದೆ. ಆದರೆ ಇದು ಚುಚ್ಚುಮದ್ದಿನ ಅಥವಾ ಶಸ್ತ್ರಚಿಕಿತ್ಸೆಯ ಮೇಲೆ ಕಟ್ಟುವ ಎರಡನೆಯ ಅಂತಸ್ತು, ತಳಪಾಯವಲ್ಲ. ಮಾತ್ರೆ ಶುರುವಾಯಿತೆಂದು ಚುಚ್ಚುಮದ್ದು ಬಿಟ್ಟವರ ಕತೆಗಳನ್ನು ಬೆಂಚಿನ ಮೇಲೆ ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಕ್ಕೆ 1000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆಯ ಮೇಲೆ, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನದೆ. ತುಪ್ಪದ ದೋಸೆಯ ಜೊತೆ ನುಂಗಿದರೆ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ಇದೇ ಗುಣವನ್ನು ಬಳಸಿಕೊಂಡು 250 ಮಿಲಿಗ್ರಾಂ ಮಾತ್ರ ಲಘು ತಿಂಡಿಯ ಜೊತೆ ಕೊಡುವ ಪ್ರಯೋಗವೊಂದು 2018ರಲ್ಲಿ ಪ್ರಕಟವಾಗಿ ಒಳ್ಳೆಯ ಫಲ ತೋರಿಸಿತು, ಖರ್ಚು ತಗ್ಗಿಸಲು ಕೆಲವು ವೈದ್ಯರು ಅದನ್ನು ಅನುಸರಿಸುತ್ತಾರೆ. ಅದು ಅವರ ನಿರ್ಧಾರವಾಗಬೇಕು, ನಮ್ಮದಲ್ಲ. ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬೇಕು. ರಕ್ತದೊತ್ತಡ, ಪೊಟ್ಯಾಸಿಯಂ, ಯಕೃತ್ತಿನ ಪರೀಕ್ಷೆ ನೋಡುತ್ತಿರಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಪ್ರೆಡ್ನಿಸೊಲೋನ್ ತೊಡಕು.

ಎನ್ಜಾಲುಟಮೈಡ್, ಅಪಾಲುಟಮೈಡ್, ಡಾರೊಲುಟಮೈಡ್ ಬೇರೆ ಕುಲ. ಇವು ಹಾರ್ಮೋನನ್ನು ಇಳಿಸುವುದಿಲ್ಲ, ಅದು ಕೂರುವ ಪೀಠವನ್ನು ಆಕ್ರಮಿಸುತ್ತವೆ. ಎನ್ಜಾಲುಟಮೈಡಿನಲ್ಲಿ ದಣಿವು ಹೆಚ್ಚು, ಅಪರೂಪಕ್ಕೆ ಫಿಟ್ಸ್. ಅಪಾಲುಟಮೈಡಿನಲ್ಲಿ ಚರ್ಮದ ದದ್ದು, ಥೈರಾಯ್ಡ್ ಕುಗ್ಗುವುದು. ಡಾರೊಲುಟಮೈಡ್ ಮೆದುಳಿಗೆ ಕಡಿಮೆ ಇಳಿಯುತ್ತದೆ. ಹರಡಿದ ಕಾಯಿಲೆಯಲ್ಲಿ ಇಂಥ ಒಂದು ಮಾತ್ರೆಯನ್ನು ಆರಂಭದಿಂದಲೇ ಸೇರಿಸುವುದು ಈಗ ರೂಢಿಯಾಗಿದೆ, ಅದರಿಂದ ಆಯಸ್ಸು ಹೆಚ್ಚಿದ್ದನ್ನು ದೊಡ್ಡ ಪ್ರಯೋಗಗಳು ತೋರಿಸಿವೆ. ಆದರೆ ಅದು ಕಾಯಿಲೆಯ ಹಂತ ನೋಡಿ ಮಾಡುವ ತೀರ್ಮಾನ. ಕ್ಯಾಲೆಂಡರಿನ ತಪ್ಪಿಗೆ ಈ ಮಾತ್ರೆಗಳನ್ನು ತೇಪೆ ಹಾಕಬಾರದು.

ನಡುವೆ ಬೆನ್ನು ನೋವು ಹೊಸದಾಗಿ ಜೋರಾದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಯಾವ ಹೋಲಿಕೆಯನ್ನೂ ಓದುತ್ತ ಕೂರದೆ ಅದೇ ಗಂಟೆ ತುರ್ತು ವಿಭಾಗಕ್ಕೆ ಹೋಗಿ.

ಬೆಂಗಳೂರಿನಲ್ಲಿ ಎಲ್ಲಿ, ಹೇಗೆ

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೊ ಯುರಾಲಜಿ ಸಂಸ್ಥೆ ಎರಡೂ ಸರ್ಕಾರದ ವ್ಯಾಪ್ತಿಯವು. ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ನಿಮಗೆ ಸೂಚಿಸಿದ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿಯಾಗಿ ಕೊಳ್ಳುವವರು ಒಂದೇ ಮದ್ದಿನ ಬೇರೆ ಬೇರೆ ಕಂಪನಿಗಳ ಬೆಲೆಯನ್ನು ಕನಿಷ್ಠ ಮೂರು ಕಡೆ ವಿಚಾರಿಸಿ; ಅಬಿರಾಟೆರಾನ್‌ನಲ್ಲಿ ನಾನು ಕಂಡ ಅಂತರ ದಿಗಿಲು ಹುಟ್ಟಿಸುವಷ್ಟಿತ್ತು. ದರ ಕೇಳುವಾಗ ಒಂದು ಚುಚ್ಚುಮದ್ದಿನ ಬೆಲೆಯನ್ನಲ್ಲ, ಒಂದು ವರ್ಷದ ಬೆಲೆಯನ್ನು ಬರೆದುಕೊಳ್ಳಿ. ತಿಂಗಳಿನದನ್ನು ಹದಿಮೂರರಿಂದ ಗುಣಿಸಿ, ಹನ್ನೆರಡರಿಂದಲ್ಲ. ಆಟೊ ಬಾಡಿಗೆ, ರಜೆ ಹಾಕಿದ ದಿನದ ಸಂಬಳ ಎಲ್ಲವನ್ನೂ ಸೇರಿಸಿ.

ಯಾವ ದಾರಿ ಹಿಡಿದರೂ ಟೆಸ್ಟೋಸ್ಟೆರಾನ್ ತಗ್ಗಿದ ಮೈಯಲ್ಲಿ ಮೂಳೆ ಸವೆಯುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ನೋಡಿಸಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಧ್ಯಾಹ್ನಕ್ಕೊಂದು ಮುದ್ದೆ, ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ ನಮ್ಮ ಮನೆಯ ಪಾಠವಾಗಿದೆ.

ಅಕ್ಟೋಬರ್ 21ರಿಂದ 84 ದಿನ ಎಣಿಸಿದಾಗ ಜನವರಿ 13 ಬಂತು. ಮಾರನೆಯ ದಿನ ಸಂಕ್ರಾಂತಿ. ಈ ಸಲ ಲೆಕ್ಕ ಹಾಕಿದ್ದು ಅಪ್ಪ. ಕ್ಯಾಲೆಂಡರಿನ ಪ್ರತಿ ಭಾನುವಾರದ ಕೆಳಗೆ ಸೀಸದ ಕಡ್ಡಿಯಲ್ಲಿ 12, 11, 10 ಎಂದು ವಾರಗಳನ್ನು ಇಳಿಸುತ್ತ ಬಂದಿದ್ದರು. ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟು, ಹತ್ತಕ್ಕೆ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬಂದಾಗ ಅಮ್ಮ ಕೊಬ್ಬರಿ ಹೆಚ್ಚುತ್ತಿದ್ದರು. ಸಂಜೆ ಮೊಬೈಲಿಗೆ ವರದಿ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಮೊದಲು ಅಂಕಿಯ ಪಕ್ಕದ ಸಣ್ಣ ಅಕ್ಷರಗಳನ್ನು ಓದಿದರು, ಆಮೇಲೆ ಅಂಕಿಯನ್ನು: ಟೆಸ್ಟೋಸ್ಟೆರಾನ್ 16, ಪಿಎಸ್‌ಎ 0.5. ಮುಂದಿನದು ಏಪ್ರಿಲ್ 7ಕ್ಕೆ.